ಕೇಳದೆ ಎಸೆಯಬೇಡಿ

ಪ್ರವಾಹದಲ್ಲಿ ಮುಳುಗಿದ ಮನೆಗಳನ್ನು ಖಾಲಿ ಮಾಡಲು ಹೋಗುವ ಸ್ವಯಂಸೇವಕರೇ, ದಯವಿಟ್ಟು, ಮನೆಯವರನ್ನು ಕೇಳದೆ ಅವರ ಸಾಮಾನು ಎಸೆಯಬೇಡಿ. ನಿನ್ನೆ ರಾತ್ರಿ ಪ್ರವಾಹಕ್ಕೆ ಸಿಕ್ಕ ಸ್ವಾನನೋವಾ ಊರಿನಿಂದ ಶಾರ್ಲೆಟ್‌ಗೆ ವಾಪಸ್ ಬಂದಾಗಿನಿಂದ ಹೊಟ್ಟೆ ಉರಿಯುತ್ತಿದೆ.

2024ರ ಸೆಪ್ಟೆಂಬರ್ 26ರ ರಾತ್ರಿ ಹೆಲೀನ್ ಚಂಡಮಾರುತ ಅಪ್ಪಳಿಸಿದ್ದು ಫ್ಲೋರಿಡಾಕ್ಕೆ. ಮಾರನೇ ದಿನ ಮುಳುಗಿದ್ದು ಕಡಲಿನಿಂದ ನೂರಾರು ಮೈಲಿ ದೂರದ ನಮ್ಮ ನಾರ್ತ್ ಕೆರೊಲಿನಾದ ಗುಡ್ಡದ ಊರುಗಳು. ಆಶ್‌ವಿಲ್‌ನಲ್ಲಿ ಫ್ರೆಂಚ್ ಬ್ರಾಡ್ ನದಿ 1916ರ ಪ್ರವಾಹದ ದಾಖಲೆಯನ್ನೂ ಮೀರಿತು. ಆ ಕಡೆ ಪ್ರವಾಹದ ವಿಮೆ ಮಾಡಿಸಿದವರು ತೀರಾ ಕಡಿಮೆ. ಮಾಮೂಲಿ ಮನೆ ವಿಮೆ ಪ್ರವಾಹಕ್ಕೆ ದುಡ್ಡು ಕೊಡುವುದಿಲ್ಲ. ಹಾಗಾಗಿ ಎಷ್ಟೋ ಜನಕ್ಕೆ ಸ್ವಯಂಸೇವಕರೇ ದಿಕ್ಕು.

ನಾವು ಹೋದ ಮನೆಯಲ್ಲಿ ಅಜ್ಜಿ ಒಬ್ಬರೇ ಇರುವುದು. ನಮಗಿಂತ ಮುಂಚೆ ಬಂದ ಗುಂಪು ಅಡುಗೆಮನೆಯನ್ನು ಪೂರ್ತಿ ಬಳಿದು ಹಾಕಿತ್ತು. ಅಜ್ಜಿ ರಸ್ತೆ ಬದಿಯ ರಾಶಿಯಲ್ಲಿ, ಒದ್ದೆ ಇನ್ಸುಲೇಷನ್ (ಗೋಡೆಯೊಳಗೆ ತುಂಬುವ ಹತ್ತಿಯಂಥ ಪದರ) ಅಡಿಗೆ ಕೈ ಹಾಕಿ ಹುಡುಕುತ್ತಿದ್ದರು. ಗ್ಲೌಸ್ ಕೂಡ ಇಲ್ಲ. ಅವರ ಅಮ್ಮನ ಕಾಲದ ಬೀಡು ಕಬ್ಬಿಣದ ಬಾಣಲೆಯಂತೆ. ಎಲ್ಲರೂ ಸೇರಿ ಹುಡುಕಿ ತೆಗೆದೆವು. ಒಳಗೆಲ್ಲ ಕೆಸರು, ಅಂಚಿಗೆ ಕೆಂಪು ತುಕ್ಕು. ಅಷ್ಟೇ! ನಮ್ಮ ದೋಸೆ ಕಾವಲಿ ತುಕ್ಕು ಹಿಡಿದರೆ ಏನು ಮಾಡುತ್ತೇವೆ? ಉಜ್ಜಿ, ಬಿಸಿನೀರಲ್ಲಿ ಸೋಪು ಹಾಕಿ ತೊಳೆದು, ಎಣ್ಣೆ ಸವರಿ ಚೆನ್ನಾಗಿ ಕಾಯಿಸುತ್ತೇವೆ, ಅಲ್ವಾ? ಅದನ್ನು ಕಸ ಅಂತ ತೀರ್ಮಾನ ಮಾಡಿದವರು ಯಾರನ್ನು ಕೇಳಿದ್ದರು?

ಬೇಗ ಖಾಲಿ ಮಾಡದಿದ್ದರೆ ಬೂಷ್ಟು ಹಿಡಿಯುತ್ತದೆ ಅಂತ ಒಬ್ಬರು ನನಗೇ ಪಾಠ ಹೇಳಿದರು. ಒಪ್ಪುತ್ತೇನೆ. ಒಂದೆರಡು ದಿನದಲ್ಲೇ ಬೂಷ್ಟು ಶುರುವಾಗುತ್ತದೆ. ನೆಂದ ಡ್ರೈವಾಲ್ (ಗೋಡೆಯ ಜಿಪ್ಸಂ ಹಲಗೆ), ಹಾಸಿಗೆ, ಕಾರ್ಪೆಟ್ ಎಲ್ಲ ಹೋಗಲೇಬೇಕು. ಆದರೆ ಕಬ್ಬಿಣಕ್ಕೆ, ಪಿಂಗಾಣಿಗೆ, ಗಾಜಿಗೆ ಎಂಥ ಬೂಷ್ಟು? ನೆಂದ ಫೋಟೋಗಳನ್ನೂ ಶುದ್ಧ ನೀರಲ್ಲಿ ಮೆಲ್ಲಗೆ ಅದ್ದಿ ತೆಗೆದು ಗಾಳಿಗೆ ಹರಡಬಹುದು. ಪುರುಸೊತ್ತಿಲ್ಲದಿದ್ದರೆ ಕವರಿಗೆ ಹಾಕಿ ಫ್ರೀಜರಿನಲ್ಲಿಟ್ಟು ಆಮೇಲೆ ನೋಡಬಹುದು. "ಇದು ಬೇಕಾ?" ಅಂತ ಕೇಳೋಕೆ ಎಷ್ಟು ಹೊತ್ತು ಬೇಕು? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ದುಡ್ಡಿನ ಲೆಕ್ಕದಲ್ಲೂ ಇದು ಅನ್ಯಾಯ. ಅಮೆರಿಕ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾ ಕೊಡುವ ಪರಿಹಾರಕ್ಕೆ ಹಾನಿಯ ಫೋಟೋ ಬಹಳ ಮುಖ್ಯ. ಫ್ರಿಜ್, ವಾಷಿಂಗ್ ಮಷೀನ್ ಎಳೆದು ಬಿಸಾಡುವ ಮುಂಚೆ ಅದರ ಫೋಟೋ, ಸೀರಿಯಲ್ ನಂಬರ್, ಗೋಡೆಯ ಮೇಲೆ ನೀರು ನಿಂತ ಗೆರೆಯ ಫೋಟೋ ತೆಗೆದಿಡಿ. ಲಾರಿ ಬಂದು ರಾಶಿ ಎತ್ತಿಕೊಂಡು ಹೋದಮೇಲೆ ಆ ಅಜ್ಜಿ ಏನು ತೋರಿಸಬೇಕು?

ನನಗೆ ನಿಜಕ್ಕೂ ಸಿಟ್ಟು ಬಂದಿರುವುದು ಇದಕ್ಕೆ. ರಜೆ ಹಾಕಿ, ಬೆವರು ಸುರಿಸಿ ಬರುವ ಒಳ್ಳೆಯ ಜನ ಈ ಸ್ವಯಂಸೇವಕರು. ಆದರೂ ಮನೆ ಅಲ್ಲಿ ಇರುವವರದ್ದು, ನಮ್ಮದಲ್ಲ. ಹೊಳೆ ಒಂದು ಸಲ ಅವರನ್ನು ಕೇಳದೆ ಎಲ್ಲ ತಗೊಂಡು ಹೋಗಿದೆ. ನಾವೂ ಅದನ್ನೇ ಮಾಡಬೇಕಾ?

ಬರುವ ಶನಿವಾರ ಮತ್ತೆ ಹೋಗುತ್ತಿದ್ದೇವೆ. ಬರುವವರು ಬೂಟು, ಎನ್95 ಮಾಸ್ಕ್, ದಪ್ಪ ಗ್ಲೌಸ್ ತನ್ನಿ. ಹಾರೆ, ಸಲಿಕೆ ನಮ್ಮಲ್ಲಿವೆ. ಪಾತ್ರೆ ತೊಳೆಯೋಕೂ ಸೇರಿಸಿ ನೀರು ಇಲ್ಲಿಂದಲೇ ಒಯ್ಯಬೇಕು. ಮುಚ್ಚಳ ಇರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿಗಳಿದ್ದರೆ ಖಂಡಿತ ತನ್ನಿ, ಮನೆಯವರು ಬೇಕು ಅಂದಿದ್ದನ್ನು ಅದರಲ್ಲಿ ಇಡೋಣ. ಕೇಳದೆ ಎಸೆಯುವವರು ನನ್ನ ಕಾರು ಹತ್ತಬೇಡಿ.