ಖಾಲಿ ಸಭಾಂಗಣದ ಸರ್ವಾನುಮತ

ಬೆಂಗಳೂರಿನ ಹಡ್ಸನ್ ವೃತ್ತದ ಪಾಲಿಕೆ ಕಚೇರಿಯಲ್ಲಿ ಕೌನ್ಸಿಲ್ ಸಭಾಂಗಣ ಅಂತ ಒಂದಿದೆ. ಕಾರ್ಪೊರೇಟರ್‌ಗಳು ಕೂತು ಊರಿನ ಕೆಲಸ ಯಾವುದು, ಅದಕ್ಕೆ ದುಡ್ಡು ಎಲ್ಲಿಂದ ಅಂತ ಜಗಳವಾಡಲಿ ಎಂದು ಕಟ್ಟಿದ್ದು. 2020ರ ಸೆಪ್ಟೆಂಬರ್ 10ಕ್ಕೆ ಅವರ ಅವಧಿ ಮುಗಿಯಿತು. ಮೇಯರ್ ಎಂ. ಗೌತಮ್ ಕುಮಾರ್ ಗೌನು ಕಳಚಿಟ್ಟು ಮನೆಗೆ ಹೋದರು. ಆಮೇಲೆ ಚುನಾವಣೆ ನಡೆಯಲೇ ಇಲ್ಲ. 2025ರ ಸೆಪ್ಟೆಂಬರ್ 2ಕ್ಕೆ ಬಿಬಿಎಂಪಿಯೇ ಹೋಗಿ, ಅದರ ಜಾಗಕ್ಕೆ ಐದು ಪಾಲಿಕೆಗಳು ಬಂದವು. ಎಂಟು ದಿನ ಕಮ್ಮಿ ಐದು ವರ್ಷ! ಒಬ್ಬ ಸದಸ್ಯನೂ ಇಲ್ಲದ ಕೌನ್ಸಿಲ್ ಹೆಚ್ಚುಕಮ್ಮಿ ಪೂರ್ತಿ ಅವಧಿ ಮುಗಿಸಿತು. ಒಂದು ದಿನ ಗದ್ದಲವಿಲ್ಲ, ಧರಣಿಯಿಲ್ಲ. ಯಾರೂ ಮೇಯರ್ ಪೀಠದತ್ತ ನುಗ್ಗಲಿಲ್ಲ. ರೆಸಾರ್ಟ್ ಖರ್ಚಂತೂ ಪೂರ್ತಿ ಉಳಿಯಿತು.

ಕೂರುವವರು ಇಲ್ಲದಿದ್ದರೇನು, ಕುರ್ಚಿಗಳ ಬಗ್ಗೆ ಸರ್ಕಾರಗಳು ತಲೆ ಕೆಡಿಸಿಕೊಂಡಷ್ಟು ಬೇರೆ ಯಾವುದಕ್ಕೂ ಕೆಡಿಸಿಕೊಂಡಿಲ್ಲ. ಮೊದಲು 198 ವಾರ್ಡ್ ಇದ್ದವು. ಸಾಲದು ಅಂತ 2020ರ ಕಾಯ್ದೆ 243 ಮಾಡಿತು. ಸರ್ಕಾರ ಬದಲಾಯಿತು, 2023ರಲ್ಲಿ 225 ಆಯಿತು. ಕೊನೆಗೆ ಐದೂ ಪಾಲಿಕೆ ಸೇರಿ 369ಕ್ಕೆ ಬಂದು ನಿಂತಿತು. ವೋಟು ಒಂದೂ ಬೀಳದೆ ಸೀಟು ಇಷ್ಟು ಏರಿದ ಊರು ಇನ್ನೊಂದು ಇದ್ದರೆ ಹೇಳಿ. ನಡುವೆ ಹೈಕೋರ್ಟ್ ಒಮ್ಮೆ 198 ವಾರ್ಡ್‌ಗೇ ಚುನಾವಣೆ ಮಾಡಿ ಎಂದಿತ್ತು. ಸರ್ಕಾರ ಸುಪ್ರೀಂ ಕೋರ್ಟ್‌ಗೆ ಓಡಿ ಅದಕ್ಕೆ ತಡೆ ತಂದಿತು. ಗುಂಡಿ ಮುಚ್ಚುವುದಕ್ಕೆ ಇಷ್ಟು ಚುರುಕಾಗಿ ಓಡಿದ್ದನ್ನು ಯಾರೂ ನೋಡಿದ ನೆನಪಿಲ್ಲ.

ಹಾಗಾದರೆ ಕೌನ್ಸಿಲ್ ಒಪ್ಪಿಗೆ ಕೊಡುತ್ತಿದ್ದವರು ಯಾರು? ಸರ್ಕಾರ ನೇಮಿಸಿದ ಆಡಳಿತಾಧಿಕಾರಿ. ಅವರೂ ಐಎಎಸ್, ಕಡತ ಕಳಿಸುವ ಮುಖ್ಯ ಆಯುಕ್ತರೂ ಐಎಎಸ್. ಎಂಜಿನಿಯರ್ ಬರೆದ ಟಿಪ್ಪಣಿ ಮೆಟ್ಟಿಲು ಮೆಟ್ಟಿಲು ಹತ್ತಿ ಆಯುಕ್ತರ ಮೇಜಿಗೆ ಬರುತ್ತಿತ್ತು. ಅಲ್ಲಿಂದ ಆಡಳಿತಾಧಿಕಾರಿಯ ಮೇಜಿಗೆ ಹೋಗುತ್ತಿತ್ತು. ಅವರು ಸಹಿ ಹಾಕಿದರೆ ಕಾನೂನಿನ ಲೆಕ್ಕದಲ್ಲಿ ಅದೇ ಕೌನ್ಸಿಲ್ ನಿರ್ಣಯ. ಮಂಡಿಸಿದವರು ಸರ್ಕಾರದವರು, ಅನುಮೋದಿಸಿದವರು ಸರ್ಕಾರದವರು, ವಿರೋಧಿಸಬೇಕಾದವರು ಇನ್ನೂ ಹುಟ್ಟಿಲ್ಲ. ಸರ್ವಾನುಮತ ಅಂದರೆ ಇದು!

2022ರಲ್ಲಂತೂ ಬಜೆಟ್ ಮಂಡನೆಯ ಉಪಚಾರವೂ ಬೇಡವಾಯಿತು. ಮಾರ್ಚ್ 31ರ ರಾತ್ರಿ, ಊರು ಮಲಗುವ ಹೊತ್ತಿಗೆ, ಹತ್ತು ಸಾವಿರ ಕೋಟಿ ದಾಟಿದ ಬಜೆಟ್ ಸುಮ್ನೆ ವೆಬ್‌ಸೈಟ್‌ಗೆ ಬಂದು ಕೂತಿತು. ಬೆಳಗ್ಗೆ ಎದ್ದು ನೋಡಿದವರಿಗೆ ಏಪ್ರಿಲ್ ಒಂದು. ಮೂರು ವರ್ಷ ಕಳೆದು 2025ರ ಬಜೆಟ್ 19,900 ಕೋಟಿ ದಾಟಿತು. ಗಾತ್ರ ಹತ್ತಿರ ಹತ್ತಿರ ಎರಡು ಪಟ್ಟು. ಅದನ್ನು ಪ್ರಶ್ನಿಸಬಹುದಾದ ಸದಸ್ಯರ ಸಂಖ್ಯೆ 2022ರಲ್ಲೂ ಸೊನ್ನೆ, 2025ರಲ್ಲೂ ಸೊನ್ನೆ.

ಕಾರ್ಪೊರೇಟರ್‌ಗಳು ಇದ್ದಾಗ ರಾಮರಾಜ್ಯವೇನೂ ಇರಲಿಲ್ಲ ಬಿಡಿ. ಮೋರಿ ರಿಪೇರಿಯಲ್ಲಿ ಮನೆ ಮೇಲೆ ಮನೆ ಎಬ್ಬಿಸಿದವರನ್ನು ಎಲ್ಲರೂ ಕಂಡಿದ್ದೇವೆ. ಆದರೂ ಬೆಳಗ್ಗೆ ಆರಕ್ಕೆ ಅವರ ಮನೆ ಗೇಟು ಬಡಿಯಬಹುದಿತ್ತು. 'ಅಣ್ಣಾ, ನೀರು ಬಂದು ನಾಲ್ಕು ದಿನ ಆಯ್ತು' ಅಂದರೆ ಲುಂಗಿಯಲ್ಲೇ ಹೊರಗೆ ಬಂದು, ನಮ್ಮೆದುರಿಗೇ ಎಂಜಿನಿಯರ್‌ಗೆ ಫೋನ್ ಹಚ್ಚಿ ಬೈಯುತ್ತಿದ್ದರು. ಆ ಬೈಗುಳದಲ್ಲಿ ಅರ್ಧ ನಾಟಕವೇ ಇರಲಿ, ನೀರು ಬರುತ್ತಿತ್ತು. ಆಡಳಿತಾಧಿಕಾರಿಯ ಮನೆ ಗೇಟು ಎಲ್ಲಿದೆ ಅಂತ ನಿಮಗೆ ಗೊತ್ತಾ?

ಜನರ ಅಭಿಪ್ರಾಯ ಕೇಳಲೇ ಇಲ್ಲ ಅನ್ನುವ ಹಾಗೂ ಇಲ್ಲ. ಕೇಳಿದ್ದಾರೆ. 2021ರ ಸುಮಾರಿಗೆ ವಾರ್ಡ್‌ಗೆ 60 ಲಕ್ಷ ಕೊಟ್ಟು, ಯಾವ ಫುಟ್‌ಪಾತ್, ಯಾವ ಬೋರ್‌ವೆಲ್, ಯಾವ ರಸ್ತೆ ಅಂತ ವಾರ್ಡ್ ಸಮಿತಿಗಳೇ ತೀರ್ಮಾನಿಸಲಿ ಎಂದರು. ನಿವೃತ್ತ ಮೇಷ್ಟ್ರುಗಳು, ಗೃಹಿಣಿಯರು, ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗಳು ಶನಿವಾರ ಬಿಡುವು ಮಾಡಿಕೊಂಡು ಬಂದು ಚಪ್ಪಡಿ ಕಲ್ಲಿನ ಬಗ್ಗೆ ಚರ್ಚೆ ಮಾಡಿದರು. ಸರಿ. ಅದೇ ಊರಿನಲ್ಲಿ 40 ಸಾವಿರ ಕೋಟಿಯ ಸುರಂಗ ರಸ್ತೆಗಳು ಬರಲಿವೆ ಅಂತ ಗೊತ್ತಾಗಿದ್ದು ಹೇಗೆ? ಪೇಪರ್ ಓದಿ! ಪಾಲಿಕೆ ಮಾಡುವ ಸಾಲಕ್ಕೆ 19 ಸಾವಿರ ಕೋಟಿ ರೂಪಾಯಿಯ ಖಾತರಿ ಕೊಡುತ್ತೇವೆ ಅಂತ 2025ರ ರಾಜ್ಯ ಬಜೆಟ್ ಹೇಳಿತು. ಸಾಲ ಮಾಡುವ ಮನೆಯಲ್ಲಿ ಯಜಮಾನನೇ ಇಲ್ಲ, ಜಾಮೀನು ಮಾತ್ರ ರೆಡಿ.

ಇದಕ್ಕೂ ಮೊದಲು, 2016ರಲ್ಲಿ, ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಸ್ಟೀಲ್ ಫ್ಲೈಓವರ್ ಬಂದಿತ್ತಲ್ಲ, 1,791 ಕೋಟಿಯದ್ದು? ಆಗಲೂ ಅಭಿಪ್ರಾಯ ಕೇಳಿದ್ದರು. ಕೋಟಿ ಜನರ ಊರಿನಿಂದ ಸುಮಾರು ಮುನ್ನೂರು ಇ-ಮೇಲ್ ಬಂದವು. ಅದರಲ್ಲಿ ಮುಕ್ಕಾಲು ಪಾಲು ಪರವಾಗಿವೆ ಎಂದು ಅಧಿಕಾರಿಗಳು ಎದೆ ತಟ್ಟಿಕೊಂಡರು. ಆಮೇಲೆ ಸಾವಿರಾರು ಜನ 'ಬೇಡ' ಅಂತ ಬೋರ್ಡು ಹಿಡಿದು ರಸ್ತೆಯಲ್ಲಿ ಕೈ ಕೈ ಹಿಡಿದು ನಿಂತರು. 2017ರ ಮಾರ್ಚ್‌ನಲ್ಲಿ ಯೋಜನೆ ಕೈಬಿಟ್ಟರು. ಬಹುಶಃ ಅವರ ಪೈಕಿ ಯಾರೂ ಇ-ಮೇಲ್ ಮಾಡಿರಲಿಲ್ಲ.

ಈಗ ಕ್ಯಾಲಿಫೋರ್ನಿಯಾದ ಕಡೆ ನೋಡಿ. ಅಲ್ಲಿ ಊರಿನವರು ಹೊಸ ತೆರಿಗೆ ಹಾಕಿಕೊಂಡು ರಸ್ತೆ, ರೈಲು ಮಾಡಬೇಕಾದರೆ ಮತಪತ್ರದಲ್ಲೇ ಕೇಳಬೇಕು. ಇಂಥ ಬಹಳಷ್ಟು ತೆರಿಗೆಗಳಿಗೆ ಮೂರರಲ್ಲಿ ಎರಡು ಪಾಲು ಮತ ಬೀಳಬೇಕು. 2012ರಲ್ಲಿ ಲಾಸ್ ಏಂಜಲೀಸ್ ಕೌಂಟಿಯವರು ಸಾರಿಗೆಗಾಗಿ ಹಾಕಿದ್ದ ಅರ್ಧ ಸೆಂಟಿನ ಮಾರಾಟ ತೆರಿಗೆಯನ್ನು ಮುಂದುವರಿಸೋಣವೇ ಅಂತ ಮತಕ್ಕೆ ಹಾಕಿದರು. ನೂರಕ್ಕೆ 66.11 ಮಂದಿ ಹೂಂ ಅಂದರು. ಸೋತಿತು! ಬೇಕಿದ್ದದ್ದು 66.67. ಅರ್ಧ ಪರ್ಸೆಂಟ್‌ಗೆ ಸೋತವರು ನಾಲ್ಕು ವರ್ಷ ಬಿಟ್ಟು ಮತ್ತೆ ಜನರ ಮುಂದೆ ಬಂದು ಗೆಲ್ಲಿಸಿಕೊಂಡರು. ಅಲ್ಲಿರುವ ನಮ್ಮವರು ಪ್ರತಿ ಚುನಾವಣೆಗೂ ಮತಪತ್ರ ಓದಿ ಓದಿ ಸುಸ್ತು ಅಂತ ಗೊಣಗುತ್ತಾರೆ. ಗೊಣಗಲಿ. ನಾವಿಲ್ಲಿ ಆ ತಾಪತ್ರಯವನ್ನೇ ಇಟ್ಟುಕೊಂಡಿಲ್ಲ. 66 ಪರ್ಸೆಂಟ್ ಹಾಗಿರಲಿ, ಈ ಐದು ವರ್ಷದಲ್ಲಿ ಪಾಲಿಕೆಗೆ ಅಂತ ಒಬ್ಬನ ಬೆರಳಿಗೂ ಶಾಯಿ ಹತ್ತಿಲ್ಲ.

ಆದರೆ ಯೋಜನೆ ತೂಗಿ ನೋಡುವುದರಲ್ಲಿ ನಾವು ಹಿಂದೆ ಬಿದ್ದಿದ್ದೇವೆ ಅನ್ನಬೇಡಿ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುಮಾರು 17 ಕಿ.ಮೀ. ಸುರಂಗಕ್ಕೆ ಡಿಪಿಆರ್, ಅಂದರೆ ವಿವರವಾದ ಯೋಜನಾ ವರದಿ, ತಯಾರಾಯಿತು. ವರದಿಗೇ ಒಂಬತ್ತು ಕೋಟಿಗೂ ಜಾಸ್ತಿ ಖರ್ಚು. ತೆರೆದು ನೋಡಿದರೆ ಒಳಗೆ ಮಾಲೇಗಾಂವ್ ಮತ್ತು ನಾಸಿಕ್! ಮಹಾರಾಷ್ಟ್ರದ ಯಾವುದೋ ವರದಿಯಿಂದ ಎತ್ತಿ ಅಂಟಿಸಿದ್ದು. ಬಿಬಿಎಂಪಿ ಸಿಟ್ಟಾಗಿ ಸಲಹೆಗಾರರಿಗೆ 5 ಲಕ್ಷ ದಂಡ ಹಾಕಿತು. ವರದಿ ಓದಲು ಕೌನ್ಸಿಲ್ ಇದ್ದಿದ್ದರೆ ವಿರೋಧ ಪಕ್ಷದ ಒಬ್ಬನಾದರೂ ಎದ್ದು ನಿಂತು, 'ಸ್ವಾಮೀ, ಮಾಲೇಗಾಂವ್ ಯಾವ ವಾರ್ಡಿಗೆ ಬರುತ್ತೆ?' ಅಂತ ಕೇಳುತ್ತಿದ್ದ.

ಮೇಲಕ್ಕೂ ಒಂದು ಯೋಜನೆ ಇದೆ. 250 ಮೀಟರ್ ಎತ್ತರದ, 500 ಕೋಟಿಯ ಸ್ಕೈಡೆಕ್, ಅಂದರೆ ಮೇಲೆ ಹತ್ತಿ ಊರು ನೋಡುವ ಗೋಪುರ. ಅದಕ್ಕೆ ಜಾಗ ಹುಡುಕುತ್ತಾ ಬೈಯಪ್ಪನಹಳ್ಳಿಯ ಎನ್‌ಜಿಇಎಫ್‌ನಿಂದ ಹೆಮ್ಮಿಗೆಪುರದವರೆಗೂ ಅಲೆದದ್ದಾಯಿತು. ಅದು ಎದ್ದು ನಿಂತರೆ ಮೇಲೆ ಹತ್ತಿ ಈಜಿಪುರ ಮೇಲ್ಸೇತುವೆ ನೋಡಬಹುದು. 2017ರಲ್ಲಿ ಶುರುವಾದ ಎರಡೂವರೆ ಕಿ.ಮೀ. ಕೆಲಸ, 2019ಕ್ಕೆ ಮುಗಿಯಬೇಕಿತ್ತು. ಬಿಬಿಎಂಪಿಯೇ ಮುಗಿದುಹೋಯಿತು, ಅದು ಮುಗಿಯಲಿಲ್ಲ.

ಸುರಂಗ ಯಾಕೆ, ಬಸ್ಸು ಜಾಸ್ತಿ ಬಿಡಿ ಅಂತ ಕೆಲವರು ಗಲಾಟೆ ಮಾಡಿದಾಗ, 2025ರ ಅಕ್ಟೋಬರ್‌ನಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಕೊಟ್ಟ ಉತ್ತರ ನಿಮಗೂ ನೆನಪಿರಬಹುದು. ಕಾರಿಲ್ಲದ ಹುಡುಗನಿಗೆ ಹೆಣ್ಣು ಕೊಡಲು ಜನ ಹಿಂದೆ ಮುಂದೆ ನೋಡುತ್ತಾರೆ ಅಂತ. ಜನಾಭಿಪ್ರಾಯ ಸಂಗ್ರಹ ಅಂದರೆ ಹೀಗಿರಬೇಕು, ನೇರ ಹೆಣ್ಣಿನ ಅಪ್ಪನಿಂದಲೇ. ಸುರಂಗದೊಳಗೆ ಬೈಕಿಗೂ ಆಟೋಗೂ ಪ್ರವೇಶ ಇಲ್ಲವಂತೆ. ಹಾಗಾದರೆ ಬೈಕ್ ಇರುವ ಗಂಡುಗಳ ಗತಿಯೇನು ಅಂತ ಡಿಪಿಆರ್‌ನಲ್ಲೇ ಹುಡುಕಬೇಕು. ನಾಸಿಕ್ ಭಾಗದಲ್ಲಿ ಸಿಕ್ಕರೂ ಸಿಗಬಹುದು.