ಐನೂರು ಚದರ ಮಿಲಿಮೀಟರಿನ ತಂತಿ

ಕಟ್ಟಡ ವಿನ್ಯಾಸದ ಸಾಫ್ಟ್‌ವೇರಿನಲ್ಲಿ ವಿದ್ಯುತ್ ಲೆಕ್ಕ ಮಾಡುವ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಲೆಕ್ಕವನ್ನೆಲ್ಲ ಯಂತ್ರವೇ ಮಾಡುವುದರಿಂದ ನನಗೆ ತಪ್ಪು ಮಾಡುವ ಅವಕಾಶವೇ ಉಳಿದಿಲ್ಲವೆಂದು ತಿಳಿದುಕೊಂಡಿದ್ದೆ. ದೀಪ, ಫ್ಯಾನು, ಸಾಕೆಟ್ಟುಗಳನ್ನು ಮಾಡೆಲ್‌ನಲ್ಲಿ ಅವುಗಳ ಜಾಗದಲ್ಲಿ ಕೂರಿಸಿ, ಒಂದಷ್ಟನ್ನು ಸೇರಿಸಿ ಸರ್ಕ್ಯೂಟ್ ಮಾಡಿ, ಡಿ.ಬಿ.ಗೆ, ಅಂದರೆ ವಿದ್ಯುತ್ ಹಂಚುವ ಪೆಟ್ಟಿಗೆಗೆ, ಜೋಡಿಸಿದರೆ ಸಾಕು. ಲೋಡ್ ಎಷ್ಟು, ಕರೆಂಟ್ ಎಷ್ಟು, ಕೇಬಲ್ ಯಾವ ಅಳತೆಯದು, ವೋಲ್ಟೇಜ್ ಡ್ರಾಪ್ (ತಂತಿಯಲ್ಲೇ ಕಳೆದುಹೋಗುವ ವೋಲ್ಟೇಜ್) ಎಷ್ಟು ಎಂಬುದೆಲ್ಲ ತಾನಾಗಿಯೇ ಕೋಷ್ಟಕದೊಳಗೆ ಬಂದು ಕೂರುತ್ತದೆ, ಅದೂ ಎರಡು ದಶಮಾಂಶ ಸ್ಥಾನಗಳ ಸಮೇತ. ಆ ದಶಮಾಂಶಗಳ ಮೇಲೆ ನನಗಿದ್ದ ಭಕ್ತಿ ಅಷ್ಟಿಷ್ಟಲ್ಲ. ಬರೀ 30 ಆಂಪಿಯರ್ ಎಂದರೆ ಯಾರೋ ಬಾಯಿಗೆ ಬಂದದ್ದನ್ನು ಹೇಳಿದ ಹಾಗಿರುತ್ತದೆ, 30.00 ಎಂದಿದ್ದರೆ ಎದ್ದು ನಿಂತು ಮಾತಾಡಿಸಬೇಕೆನ್ನಿಸುತ್ತದೆ.

ಅದೊಂದು ಎರಡಂತಸ್ತಿನ ಕಟ್ಟಡ. ಅದರ ಸಭಾಕೊಠಡಿಯಲ್ಲಿ, ನೆಲದಿಂದ ಮೂರು ಮೀಟರ್ ಎತ್ತರದಲ್ಲಿ, 2300 ವಿ.ಎ. (ವೋಲ್ಟ್-ಆಂಪಿಯರ್) ಲೋಡಿನ ಒಂದು ಎ.ಸಿ. ಇಡಬೇಕಾಗಿತ್ತು. ನಾನು ಅದುವರೆಗೆ ಪಳಗಿದ್ದ ಮಾಡೆಲ್‌ಗಳೆಲ್ಲ ಮಿಲಿಮೀಟರಿನವು. ಇದು ಮಾತ್ರ ಮೀಟರಿನದು. ಬೆರಳುಗಳಿಗೆ ಈ ಸಂಗತಿಯನ್ನು ಯಾರೂ ತಿಳಿಸಿರಲಿಲ್ಲವಾದ್ದರಿಂದ ಅವು ಎತ್ತರದ ಚೌಕದಲ್ಲಿ ಅಭ್ಯಾಸಬಲದಿಂದ 3000 ಎಂದು ಒತ್ತಿದವು. ಎ.ಸಿ. ಮಾಯವಾಯಿತು. ನಾವು ತೆರೆಯ ಮೇಲೆ ನೋಡುವ ಪ್ಲಾನ್ ಎಂಬುದು ಕಟ್ಟಡವನ್ನು ಒಂದು ಮಟ್ಟದಲ್ಲಿ ಅಡ್ಡಲಾಗಿ ಕೊಯ್ದು ತೋರಿಸುವ ನೋಟವಾಗಿದ್ದು, ಆ ಮಿತಿಗಿಂತ ಬಹಳ ಮೇಲಿರುವ ವಸ್ತು ಅದರಲ್ಲಿ ಕಾಣುವುದಿಲ್ಲ. ಇದು ನನಗೆ ಗೊತ್ತಿತ್ತು, ಆದರೆ ಬೇಕಾದಾಗ ನೆನಪಾಗುವಷ್ಟು ಗೊತ್ತಿರಲಿಲ್ಲ. ಮೌಸ್ ಸರಿಯಾಗಿ ಒತ್ತಿರಲಿಕ್ಕಿಲ್ಲವೆಂದು ಇನ್ನೊಂದು ಎ.ಸಿ. ಇಟ್ಟೆ, ಅದೂ ಮಾಯವಾಯಿತು. ಮೂರನೆಯ ಸಲ ಯಾವ ಪುಣ್ಯದಿಂದಲೋ 3 ಎಂದಷ್ಟೇ ಒತ್ತಿದೆ. ಎ.ಸಿ. ಕಾಣಿಸಿಕೊಂಡಿತು, ನಾನು ಕಾರಣ ಕೇಳಲಿಲ್ಲ.

ಆಮೇಲೆ ಸಮಯ ಉಳಿಸುವ ಉಮೇದಿನಲ್ಲಿ, ಮಾಡೆಲ್‌ನಲ್ಲಿರುವ ಆ ಜಾತಿಯ ಎ.ಸಿ.ಗಳನ್ನೆಲ್ಲ ಒಟ್ಟಿಗೆ ಆರಿಸುವ ಆಜ್ಞೆ ಕೊಟ್ಟು ಸರ್ಕ್ಯೂಟ್ ಮಾಡಿಬಿಟ್ಟೆ. ಸಾಫ್ಟ್‌ವೇರು ನಿಷ್ಠೆಯಿಂದ ಮೂರನ್ನೂ ಆರಿಸಿತು. ಮೂರರ ಲೋಡ್ 6900 ವಿ.ಎ.; ಅದನ್ನು 230 ವೋಲ್ಟಿನಿಂದ ಭಾಗಿಸಿದರೆ 30.00 ಆಂಪಿಯರ್. ಅದರಿಂದಾಗಿ ಒಂದು ಫೇಸ್ (ಕಟ್ಟಡಕ್ಕೆ ಕರೆಂಟ್ ತರುವ ಮೂರು ಲೈನುಗಳಲ್ಲೊಂದು) ಭಾರವಾಗಿತ್ತು. ಮೂರು ಫೇಸ್‌ಗಳ ಮೇಲೆ ಲೋಡ್ ಸಮನಾಗಿ ಹಂಚಿರಬೇಕೆಂಬ ಪಾಠ ನನಗೆ ಚೆನ್ನಾಗಿಯೇ ನೆನಪಿದ್ದುದರಿಂದ, ಭಾರ ಏಕೆ ಬಂತೆಂದು ವಿಚಾರಿಸುವ ಗೊಡವೆಗೆ ಹೋಗದೆ, ಎರಡೂ ಅಂತಸ್ತಿನ ಕಾರಿಡಾರಿನ ದೀಪಗಳನ್ನೂ ಹತ್ತಾರು ಸಾಕೆಟ್ಟುಗಳನ್ನೂ ಬೇರೆ ಫೇಸ್‌ಗಳಿಗೆ ಸಾಗಿಸಿ, ಮಧ್ಯಾಹ್ನದ ಹೊತ್ತಿಗೆ ಮೂರೂ ಅಂಕಣಗಳನ್ನು ಅಕ್ಕಸಾಲಿಗನ ತಕ್ಕಡಿಯಂತೆ ತೂಗಿಸಿದೆ. ಕೇಬಲ್ ಪಟ್ಟಿಯನ್ನು ಅಳತೆ-ಅಂದಾಜು ನೋಡಿಕೊಳ್ಳುವ ಸಹೋದ್ಯೋಗಿಗೆ ಕಳಿಸಿಯೂಬಿಟ್ಟೆ. ಆ ಪಟ್ಟಿಯನ್ನು ನಾನು ಓದಿದೆನೇ ಎಂದು ಕೇಳಬಾರದು; ಯಂತ್ರ ಬರೆದದ್ದನ್ನು ಓದುವುದು ಅದರ ಮೇಲೆ ಅಪನಂಬಿಕೆ ತೋರಿಸಿದ ಹಾಗೆ ಎಂಬುದು ಆಗಿನ ನನ್ನ ನಿಲುವಾಗಿತ್ತು.

ಓದಿದವರು ನಮ್ಮ ಹಿರಿಯ ಎಂಜಿನಿಯರರು. ಡಿ.ಬಿ.ಯ ಕೋಷ್ಟಕದ ಮೇಲೆ ಬೆರಳಾಡಿಸುತ್ತ ಬಂದವರು ಸಭಾಕೊಠಡಿಯ ಸಾಲಿನಲ್ಲಿ ನಿಂತರು. ಅಲ್ಲಿ ಕೇಬಲಿನ ಅಳತೆ 500 ಚದರ ಮಿಲಿಮೀಟರ್ ಎಂದಿತ್ತು. ಒಳಗಿನ ತಾಮ್ರವೊಂದೇ 25 ಮಿಲಿಮೀಟರಿಗೂ ಹೆಚ್ಚು ದಪ್ಪವಿರುವ ಆ ಕೇಬಲನ್ನು ಕೊಠಡಿಯ ಎ.ಸಿ.ಯ ಟರ್ಮಿನಲ್ಲಿಗೆ ಸಿಕ್ಕಿಸುವುದೆಂದರೆ ಸೂಜಿಯ ಕಣ್ಣಿಗೆ ಬಾವಿಯ ಹಗ್ಗ ಪೋಣಿಸಿದ ಹಾಗೆ.

“ಏನಪ್ಪಾ ಇದು, ಎ.ಸಿ.ಗೆ ಕೇಬಲ್ ಎಳೆದಿದ್ದೀಯೋ, ಕೇಬಲಿಗೆ ಎ.ಸಿ. ಕಟ್ಟಿದ್ದೀಯೋ?”

“ಸಾಫ್ಟ್‌ವೇರೇ ಕೊಟ್ಟಿದ್ದು ಸರ್. ಡ್ರಾಪ್ 3 ಪ್ರತಿಶತ ದಾಟಬಾರದು ಅಂತ ಮಿತಿ ಹಾಕಿದ್ದೆ.”

“ಹೌದಾ? ಹಾಗಾದರೆ 2.5 ಚದರ ಮಿಲಿಮೀಟರಿನ ಕೇಬಲ್ ಹಾಕಿ ನೋಡು.”

ಹಾಕಿದೆ. ವೋಲ್ಟೇಜ್ ಡ್ರಾಪ್ 1238.40 ವೋಲ್ಟ್ ಎಂದು ಬಂತು. ಕಟ್ಟಡಕ್ಕೆ ಬರುವುದೇ 230 ವೋಲ್ಟ್. ಅದರಲ್ಲಿ 1238 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆಂದರೆ, ಎ.ಸಿ.ಯೇ ಉಳಿದ ಸಾವಿರ ವೋಲ್ಟನ್ನು ಎಲ್ಲಿಂದಲೋ ಸಾಲ ತಂದು ಮೀಟರಿಗೆ ಕಟ್ಟಬೇಕು. ಓಮ್ ಎಂಬ ಮಹಾಶಯನು 1827ರಲ್ಲಿ ತನ್ನ ನಿಯಮವನ್ನು ಪ್ರಕಟಿಸಿದಾಗ ಇಂಥ ಪರಿಸ್ಥಿತಿಯನ್ನು ಊಹಿಸಿರಲಾರ. ವಾಸ್ತವದಲ್ಲಿ ಅಷ್ಟು ರೋಧವಿರುವ ತಂತಿಯ ಕೊನೆಯಲ್ಲಿ ಎರಡೂ ತುದಿಗಳನ್ನು ಮುಟ್ಟಿಸಿ ಶಾರ್ಟ್ ಮಾಡಿದರೂ ಐದೂವರೆ ಆಂಪಿಯರಿನ ಆಸುಪಾಸಿಗಿಂತ ಹೆಚ್ಚು ಕರೆಂಟ್ ಹರಿಯುವುದಿಲ್ಲ, ಡಿ.ಬಿ.ಯ ಬ್ರೇಕರ್ ನಿದ್ದೆಯಿಂದ ಮಗ್ಗುಲು ಸಹ ಬದಲಿಸುವುದಿಲ್ಲ. ಆದರೆ ಸಾಫ್ಟ್‌ವೇರಿಗೆ ಅದರ ಚಿಂತೆಯಿಲ್ಲ. ಮೂವತ್ತು ಆಂಪಿಯರ್ ಹರಿಯುತ್ತದೆಂದು ನಾನು ಹೇಳಿದ್ದೆ, ಅದು ಗುಣಿಸಿತು, ಅಷ್ಟೆ. ಸಂಕೋಚವಿಲ್ಲದೆ ಗುಣಿಸುವುದರಲ್ಲಿ ಅದನ್ನು ಮೀರಿಸಿದವರಿಲ್ಲ.

ಸರ್ ಮೌನವಾಗಿ, ಒಂದು ಮೀಟರ್ ಉದ್ದದ, ಒಂದು ಚದರ ಮಿಲಿಮೀಟರಿನ ತಾಮ್ರದ ತಂತಿಯ ರೋಧವನ್ನು 0.0172 ಓಮ್ ಎಂದು ಹಿಡಿದು ಕಾಗದದ ಮೇಲೆ ಹಿಂದುಮುಂದಾಗಿ ಲೆಕ್ಕ ಹಾಕಿದರು. ಹೋಗಲು ಮೂರು ಕಿಲೋಮೀಟರ್, ಬರಲು ಮೂರು ಕಿಲೋಮೀಟರ್ ತಂತಿ ಎಂದು ಬಂತು.

“ಈ ಸಭಾಕೊಠಡಿ ಎಷ್ಟು ದೂರದಲ್ಲಿದೆ?”

“ಡಿ.ಬಿ. ಪಕ್ಕದಲ್ಲೇ ಸರ್.”

“ಎಲಿವೇಶನ್ ತೆಗೆ. ಪೂರ್ತಿ ಕಾಣುವ ಹಾಗೆ ಝೂಮ್ ಮಾಡು.”

ಮಾಡಿದೆ. ಕಟ್ಟಡವನ್ನು ಪಕ್ಕದಿಂದ ತೋರಿಸುವ ಆ ನೋಟದಲ್ಲಿ, ನಾನು ಮೂರು ವಾರ ಕೂತು ದೀಪ ತುಂಬಿಸಿದ್ದ ಎರಡಂತಸ್ತಿನ ಕಟ್ಟಡ ಒಂದೇ ಕ್ಷಣದಲ್ಲಿ ಕುಗ್ಗಿ, ತೆರೆಯ ತಳದಲ್ಲಿ ಸಾಸಿವೆ ಕಾಳಿನಷ್ಟಾಗಿ ಕುಳಿತಿತು. ಮಿಕ್ಕಿದ್ದೆಲ್ಲ ಬಿಳಿಯ ಬಯಲು. ತೆರೆಯ ಮೇಲಂಚಿನಲ್ಲಿ, ಮೋಡಗಳ ಮಟ್ಟದಲ್ಲಿ, ಧೂಳೆಂದು ನಾನು ಕರವಸ್ತ್ರದಿಂದ ಒರೆಸಲು ಹೋದ ಚುಕ್ಕೆಯೊಂದಿತ್ತು. ಸರ್ ನನ್ನ ಕೈ ತಡೆದು, “ಅದು ಧೂಳಲ್ಲ, ನಿನ್ನ ಎ.ಸಿ. ಅಲ್ಲಿ ಅದರ ಅಗತ್ಯವಿಲ್ಲ, ಮೊದಲೇ ತಂಪಾಗಿರುತ್ತದೆ,” ಎಂದರು. ಚುಕ್ಕೆ ಒಂದಲ್ಲ, ಒಂದರ ಮೇಲೊಂದು ಕೂತ ಎರಡು ಎಂಬುದನ್ನು ಝೂಮ್ ಮಾಡಿ ತೋರಿಸುವ ಕೆಲಸ ನನ್ನ ಪಾಲಿಗೆ ಬಂತು.

ಎರಡನ್ನೂ ಅಳಿಸಿದೆ. ಕರೆಂಟ್ 10.00 ಆಂಪಿಯರಿಗೆ ಇಳಿಯಿತು, 2.5ರ ಕೇಬಲಿನಲ್ಲಿ ಡ್ರಾಪ್ ಅರ್ಧ ವೋಲ್ಟಿಗೂ ಕೆಳಗೆ ಬಂದು ನಿಂತಿತು. ಆದರೆ ಆಕಾಶದ ಎ.ಸಿ.ಗಳಿಗೆ ಸರಿಹೊಂದುವಂತೆ ನಾನು ಅಷ್ಟು ಶ್ರದ್ಧೆಯಿಂದ ತೂಗಿಸಿದ್ದ ಫೇಸ್‌ಗಳ ತಕ್ಕಡಿ ಈಗ ಇನ್ನೊಂದು ಕಡೆಗೆ ವಾಲಿಕೊಂಡಿದ್ದರಿಂದ, ಕಾರಿಡಾರಿನ ದೀಪಗಳನ್ನೂ ಸಾಕೆಟ್ಟುಗಳನ್ನೂ ಒಂದೊಂದಾಗಿ ಹಿಂದಕ್ಕೆ ಕರೆತರುತ್ತ ಸಂಜೆಯಾಯಿತು.

ಮನೆಗೆ ಹೊರಡುವ ಹೊತ್ತಿಗೆ ಅಳತೆ-ಅಂದಾಜಿನ ಸಹೋದ್ಯೋಗಿಯ ಫೋನು ಬಂತು.

“ಸಭಾಕೊಠಡಿಗೆ ಬರೀ ತಾಮ್ರವೇ ಇಪ್ಪತ್ತೇಳು ಟನ್ ಆಗ್ತಿದೆ,” ಎಂದರು ಅವರು, ಧ್ವನಿಯಲ್ಲಿ ಎಳ್ಳಷ್ಟೂ ಆಶ್ಚರ್ಯವಿಲ್ಲದೆ. “ಒಂದೇ ಸಲ ತರಿಸೋದಾ, ಇಲ್ಲ ಕಂತಿನಲ್ಲಾ?”