ನಿಂತ ಲಾರಿ

ದೂರದೂರಕ್ಕೆ ಲಾರಿ ಓಡಿಸಿ ಬಂದವರನ್ನು ಮಾತಿಗೆಳೆದರೆ ಅವರು ಓಡಿಸಿದ್ದನ್ನು ಹೇಳುವುದಿಲ್ಲ, ನಿಲ್ಲಿಸಿದ್ದನ್ನು ಹೇಳುತ್ತಾರೆ. ಇದು ನನಗೆ ಗೊತ್ತಾಗಿದ್ದು ಹಾಸನದ ಬಿ.ಎಂ. ರಸ್ತೆಯ ಬದಿಯ ಒಂದು ಟೀ ಅಂಗಡಿಯಲ್ಲಿ. ವೈದ್ಯರು ದಿನಾ ಬೆಳಿಗ್ಗೆ ನಾಲ್ಕು ಕಿಲೋಮೀಟರ್ ನಡೆಯಿರಿ ಎಂದಿದ್ದಾರೆ. ಅಂಗಡಿ ಎರಡನೆಯ ಕಿಲೋಮೀಟರಿಗೇ ಅಡ್ಡ ಬರುತ್ತದೆ, ನಡಿಗೆ ಅಲ್ಲಿಗೆ ಮುಗಿಯುತ್ತದೆ. ಕಾಫಿ ಸೀಮೆಯ ಬಾಗಿಲಲ್ಲಿ ಟೀ ಅಂಗಡಿ ಯಾಕೆ ಎಂದು ಮಾತ್ರ ಕೇಳಬೇಡಿ. ಚಿಕ್ಕಮಗಳೂರಿನ ಕಾಫಿ ಮೂಟೆಗಳನ್ನು ಮಂಗಳೂರು ಬಂದರಿಗೆ ಹೊತ್ತೊಯ್ಯುವ ಲಾರಿಯವರೂ ಇಲ್ಲಿ ಕುಡಿಯುವುದು ಟೀಯನ್ನೇ.

ಅಂಗಡಿಯ ಬೆಂಚಿನ ಎರಡು ತುದಿಗಳು ಇಬ್ಬರು ಹಿರಿಯರಿಗೆ ಮೀಸಲು. ಒಬ್ಬರು ಸೌದಿ ಅಣ್ಣ. 1982ರಲ್ಲಿ ದಮ್ಮಾಮ್‌ಗೆ ಹೋಗಿ ಹನ್ನೆರಡು ವರ್ಷ ಟ್ರೈಲರ್ ಓಡಿಸಿದವರು. ಇನ್ನೊಬ್ಬರು ಪಂಜಾಬ್ ಗೌಡರು. ಹೆಸರು ಕೇಳಿ ಗಾಬರಿಯಾಗಬೇಕಿಲ್ಲ, ಅವರು ಚನ್ನರಾಯಪಟ್ಟಣದ ಕಡೆಯವರೇ. ಹಾಸನದ ರೈತರು ಬಿತ್ತುವ ಆಲೂಗಡ್ಡೆಯ ಬೀಜ ಬರುವುದು ಪಂಜಾಬಿನ ಜಲಂಧರದಿಂದ. ಗೌಡರು ಇಪ್ಪತ್ತು ಬೇಸಿಗೆ ಆ ಬೀಜವನ್ನು ತಂದು ಇಲ್ಲಿನ ಮಾರುಕಟ್ಟೆಗೆ ಇಳಿಸಿದವರು. ಇಬ್ಬರಲ್ಲಿ ಯಾರು ಹೆಚ್ಚು ಪರದೇಶ ಕಂಡವರು ಎಂಬ ವ್ಯಾಜ್ಯ ನಾನು ಬೆಂಚು ಹಿಡಿಯುವ ಮೊದಲೇ ಶುರುವಾಗಿದೆ, ಇನ್ನೂ ತೀರ್ಪಾಗಿಲ್ಲ.

ಸೌದಿ ಅಣ್ಣನಿಗೆ ನಾಲ್ಕು ದೇಶಗಳ ಗಡಿ ಗೊತ್ತು. ಆದರೆ ಅವರ ಬಾಯಲ್ಲಿ ಹೆಚ್ಚು ಬರುವುದು ಬತ್ಹಾ. ಸೌದಿ ಮುಗಿದು ಎಮಿರೇಟ್ಸ್ ಶುರುವಾಗುವ ಜಾಗ ಅದು. ಮರವಿಲ್ಲ, ಗುಡ್ಡವಿಲ್ಲ, ಕಣ್ಣು ಹಾಯುವವರೆಗೂ ಲಾರಿಯ ಹಿಂದೆ ಲಾರಿ. "ಬುಧವಾರ ಮಧ್ಯಾಹ್ನದೊಳಗೆ ಕಾಗದಕ್ಕೆ ಮುದ್ರೆ ಬಿದ್ದರೆ ಬಿತ್ತು, ಇಲ್ಲವಾದರೆ ಶನಿವಾರ" ಎನ್ನುತ್ತಾರೆ. ಅಲ್ಲಿ ಆಗ ವಾರದ ರಜೆ ಗುರುವಾರ, ಶುಕ್ರವಾರ. ಅದು ಶುಕ್ರವಾರ, ಶನಿವಾರಕ್ಕೆ ಬದಲಾದದ್ದು 2013ರಲ್ಲಿ, ಇವರು ಊರಿಗೆ ಮರಳಿ ಎಷ್ಟೋ ವರ್ಷಗಳಾದ ಮೇಲೆ. ಆದರೂ ಅಣ್ಣನಿಗೆ ಇವತ್ತಿಗೂ ಬುಧವಾರ ಬಂತೆಂದರೆ ಒಳಗೊಳಗೇ ಒಂದು ಧಾವಂತ. ಬ್ಯಾಂಕಿಗೆ ಹೋಗುವುದಿದ್ದರೆ ಬುಧವಾರ ಬೆಳಿಗ್ಗೆಯೇ ಹೊರಡುತ್ತಾರೆ.

ಆ ಎರಡು ಮೂರು ದಿನ ಏನು ಮಾಡುತ್ತಿದ್ದಿರಿ ಎಂದರೆ ಅವರ ಮುಖ ಅರಳುತ್ತದೆ. ಟ್ರೈಲರ್‌ನ ಪಕ್ಕಕ್ಕೆ, ಹಿಂದಿನ ಚಕ್ರಗಳ ಮುಂದೆ, ಒಂದು ತಗಡಿನ ಪೆಟ್ಟಿಗೆ. ಅದರ ಮುಚ್ಚಳದ ಕೀಲು ಕೆಳಗಿರುತ್ತದೆ. ಬಿಚ್ಚಿ ಇಳಿಸಿ ಎರಡು ಸರಪಳಿ ಸಿಕ್ಕಿಸಿದರೆ ಮುಚ್ಚಳವೇ ಅಡುಗೆ ಕಟ್ಟೆ. ಒಳಗೆ ಸ್ಟವ್, ಎರಡು ಪಾತ್ರೆ, ಉಪ್ಪಿನ ಡಬ್ಬ, ಹುಳಿ ಪುಡಿ ಮತ್ತು ರಾಗಿ ಹಿಟ್ಟು. ಊರಿಂದ ವಾಪಸು ಹೋಗುವಾಗಲೆಲ್ಲ ಹೆಂಡತಿ ಐದು ಸೇರು ಹಿಟ್ಟು ಕಟ್ಟಿಕೊಡುತ್ತಿದ್ದರಂತೆ. ವಿಮಾನ ನಿಲ್ದಾಣದ ಕಸ್ಟಮ್ಸ್‌ನವನು ಗಂಟು ಬಿಚ್ಚಿಸಿ, ಕಂದು ಪುಡಿಗೆ ಬೆರಳದ್ದಿ, ಮೂಸಿ, ನಾಲಿಗೆಗೆ ಹಚ್ಚಿಕೊಂಡು, ಇದನ್ನು ತಿನ್ನುವ ಮನುಷ್ಯ ಇನ್ಯಾವ ಅಪರಾಧ ತಾನೇ ಮಾಡಿಯಾನು ಎಂಬ ಮುಖ ಮಾಡಿ ಬಿಟ್ಟುಬಿಟ್ಟನಂತೆ. ಮುದ್ದೆ ಕೋಲನ್ನು ಮಾತ್ರ ತರಲು ಮರೆತಿದ್ದರು. ಹತಾರಗಳ ಜೊತೆಯಲ್ಲಿದ್ದ ಸುತ್ತಿಗೆಯ ಮರದ ಹಿಡಿಯನ್ನು ಕಳಚಿ, ಚಾಕುವಿನಲ್ಲಿ ಹೆರೆದು, ಉಪ್ಪುನೀರಿನಲ್ಲಿ ಕುದಿಸಿ ಕೋಲು ಮಾಡಿಕೊಂಡರು. ಟ್ರೈಲರ್‌ನ ನೆರಳಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಪಾತ್ರೆಯನ್ನು ಎರಡೂ ಪಾದಗಳಿಂದ ಒತ್ತಿ ಹಿಡಿದು ಹಿಟ್ಟು ಕೂಡಿಸಿದ್ದನ್ನು ಬೆಂಚಿನ ಮೇಲೆಯೇ ಅಭಿನಯಿಸಿ ತೋರಿಸುತ್ತಾರೆ. ನೆರಳು ಸರಿದ ಹಾಗೆ ಸ್ಟವ್ವನ್ನೂ ಸರಿಸಬೇಕಾಗಿತ್ತಂತೆ. "ಗಂಟಿಲ್ಲದ ಮುದ್ದೆ ಕಟ್ಟುವುದನ್ನು ನಾನು ಕಲಿತದ್ದು ಮನೆಯಲ್ಲಲ್ಲ, ಬತ್ಹಾದಲ್ಲಿ" ಎನ್ನುವಾಗ ಅವರ ದನಿಯಲ್ಲಿ ಪದವಿ ಪಡೆದವರ ಗತ್ತು.

ದಮ್ಮಾಮ್‌ನ ಕಸ್ಟಮ್ಸ್ ಮೈದಾನದಲ್ಲಿ ಅವರಿಗೆ ತುರ್ಕಿಯವರೂ ಇಂಗ್ಲೆಂಡಿನವರೂ ಸಿಗುತ್ತಿದ್ದರು. ಯುರೋಪಿನಿಂದ ಮರಳುಗಾಡಿಗೆ ಲಾರಿಯೇ ಎಂದು ನನಗೆ ಅನುಮಾನವಿತ್ತು, ಹಳೆಯ ಪುಸ್ತಕಗಳನ್ನು ತಿರುವಿ ಹಾಕಿದೆ. ಮಾತು ನಿಜವೇ. 1973ರಲ್ಲಿ ಎಣ್ಣೆಯ ಬೆಲೆ ಏರಿ ಕೊಲ್ಲಿ ದೇಶಗಳಿಗೆ ಹಣ ಹರಿಯಿತು. ಕಟ್ಟಡ, ಯಂತ್ರ, ಶೀತಲ ಪೆಟ್ಟಿಗೆ ಎಲ್ಲವೂ ಒಟ್ಟಿಗೆ ಬೇಕಾಯಿತು, ಬಂದರುಗಳು ಮಾತ್ರ ಹಳೆಯ ಅಳತೆಯವು. ಸುಯೆಜ್ ಕಾಲುವೆ 1967ರಿಂದ 1975ರವರೆಗೆ ಮುಚ್ಚಿತ್ತು. ಹಡಗುಗಳು ಸರಕು ಇಳಿಸಲು ವಾರಗಟ್ಟಲೆ, ತಿಂಗಳುಗಟ್ಟಲೆ ಲಂಗರು ಹಾಕಿ ಕಾದವು. ಆಗ ಯುಗೊಸ್ಲಾವಿಯ, ಬಲ್ಗೇರಿಯ, ತುರ್ಕಿ, ಸಿರಿಯ, ಜೋರ್ಡಾನ್ ದಾಟಿ ಲಾರಿಗಳೇ ಹೊರಟವು. ಹಡಗು ನಿಂತಿದ್ದರಿಂದ ಲಾರಿ ಹೊರಟಿತು ಎಂದು ನಾನು ವಿವರಿಸಿದಾಗ ಸೌದಿ ಅಣ್ಣ ತಲೆದೂಗಿ, "ಅವು ಬಂದು ನಮ್ಮ ಪಕ್ಕದಲ್ಲಿ ನಿಂತವು" ಎಂದರು.

ಆ ಲಾರಿಗಳ ಮೂತಿಯ ಮೇಲೆ ನೀಲಿ ಹಲಗೆ, ಅದರಲ್ಲಿ ಬಿಳಿಯ ಮೂರಕ್ಷರ: ಟಿ, ಐ, ಆರ್. ಟೈರ್ ಎಂದು ಬರೆಯಲು ಹೋಗಿ ತಪ್ಪಿದ್ದಾರೆ ಎಂದೇ ಇವರು ಬಹುಕಾಲ ತಿಳಿದಿದ್ದರು. ಅಂತರರಾಷ್ಟ್ರೀಯ ರಸ್ತೆ ಸಾಗಣೆ ಎಂಬರ್ಥದ ಫ್ರೆಂಚ್ ಮಾತಿನ ಮೊದಲಕ್ಷರಗಳು ಅವು. ಹೊರಡುವ ಊರಿನಲ್ಲಿ ಸರಕಿಗೆ ಮುದ್ರೆ ಹಾಕಿದರೆ ಅನುಮಾನ ಬಂದರೆ ಹೊರತು ನಡುವಿನ ಯಾವ ದೇಶವೂ ಅದನ್ನು ಒಡೆದು ನೋಡುವ ಹಾಗಿಲ್ಲ, ಕಾಗದ ತೋರಿಸಿ ಮುಂದೆ ಹೋಗಬಹುದು. ಕಾಗದ ತೋರಿಸುವುದಕ್ಕೂ ಸಾಲಿರುತ್ತದೆ ಎಂಬುದು ಬೇರೆ ಮಾತು.

ತುರ್ಕಿಯ ತಾಹಿರ್ ಕಣಿವೆಯ ಚಳಿಗೆ ಟ್ಯಾಂಕಿನ ಡೀಸೆಲ್ ಮೇಣದಂತೆ ಗಟ್ಟಿಯಾಗುತ್ತಿತ್ತು, ಅಡಿಯಲ್ಲಿ ಬೆಂಕಿ ಹಾಕಿ ಕರಗಿಸುತ್ತಿದ್ದೆವು ಎಂದು ಒಬ್ಬ ಇಂಗ್ಲಿಷಿನವನು ಕೈಸನ್ನೆಯಲ್ಲಿ ಹೇಳಿದ್ದನಂತೆ. ಡೀಸೆಲ್ ಟ್ಯಾಂಕಿನ ಅಡಿಯಲ್ಲಿ ಬೆಂಕಿ! ಗೌಡರು ಇದನ್ನು ಇವತ್ತಿಗೂ ಒಪ್ಪಿಲ್ಲ.

ನನಗೆ ಇಷ್ಟವಾದ ಮಾತು ಟ್ಯಾಪ್‌ಲೈನ್ ರಸ್ತೆಯದು. ಸೌದಿಯ ಪೂರ್ವದಿಂದ ಲೆಬನಾನಿನ ಕಡಲತಡಿಯವರೆಗೆ ಸುಮಾರು 1,200 ಕಿಲೋಮೀಟರ್ ಉದ್ದದ ಎಣ್ಣೆ ಕೊಳವೆಯೊಂದನ್ನು 1950ರಲ್ಲಿ ಹಾಕಿ ಮುಗಿಸಿದ್ದರು. ಅದರ ಪಕ್ಕದಲ್ಲೇ ರಸ್ತೆ. ಪಂಪು ಮನೆಗಳಿದ್ದ ಕಡೆ ರಫ್ಹಾ, ಅರಾರ್, ತುರೈಫ್ ಎಂದು ಊರುಗಳೆದ್ದವು. ಅಣ್ಣ ಜೋರ್ಡಾನ್ ಗಡಿಗೆ ಹೋಗುತ್ತಿದ್ದದ್ದು ಆ ದಾರಿಯಲ್ಲಿ. ಗಡಿಯಲ್ಲಿ ಎರಡು ರಾತ್ರಿ ನಿಂತ ನೆನಪು ತೆಗೆದು ಹೇಳಿದರು: "ಆ ಎಣ್ಣೆಗೆ ಪಾಸ್‌ಪೋರ್ಟ್ ಇಲ್ಲ, ವೀಸಾ ಇಲ್ಲ, ಅದರ ಪಾಡಿಗೆ ಅದು ಹರಿದು ಹೋಗುತ್ತಿತ್ತು. ನಿಂತವರು ನಾವು."

ಗೌಡರು ಇಷ್ಟು ಹೊತ್ತು ಸುಮ್ಮನಿದ್ದರೆ ಅದು ಟೀಯಲ್ಲಿ ಬನ್ ಅದ್ದಿಕೊಂಡಿದ್ದರಿಂದ. ಬನ್ ಮುಗಿದರೆ ಅವರ ಸರದಿ. "ನಿನ್ನದು ನಾಲ್ಕು ದೇಶ. ನನ್ನದು ಪಂಜಾಬ್, ಹರಿಯಾಣ, ಯು.ಪಿ., ರಾಜಸ್ಥಾನ, ಎಂ.ಪಿ., ಮಹಾರಾಷ್ಟ್ರ, ಆಮೇಲೆ ನಮ್ಮದು. ಒಂದೊಂದಕ್ಕೂ ಗೇಟು, ಒಂದೊಂದಕ್ಕೂ ಕಾಗದ, ಒಂದೊಂದಕ್ಕೂ ಬೇರೆ ನಮಸ್ಕಾರ." ರಾಜಸ್ಥಾನದ ಬಗ್ಗೆ ಅವರಿಗೆ ವಿಶೇಷ ಸಿಟ್ಟು. ಆಗ್ರಾದಿಂದ ಗ್ವಾಲಿಯರ್‌ಗೆ ಹೋಗುವಾಗ ಧೋಲ್‌ಪುರದ ಹತ್ತಿರ ಆ ರಾಜ್ಯ ರಸ್ತೆಗೆ ಅಡ್ಡಲಾಗಿ ಸಣ್ಣದೊಂದು ತುಂಡು ಚಾಚಿಕೊಂಡಿದೆ. ಬೀಡಿ ಹಚ್ಚಿ ನಾಲ್ಕು ದಮ್ಮು ಎಳೆಯುವುದರೊಳಗೆ ಮುಗಿದು ಚಂಬಲ್ ಸೇತುವೆ ಬರುತ್ತದೆ ಎನ್ನುತ್ತಾರೆ. ಅಷ್ಟಕ್ಕೂ ಗೇಟು ತಪ್ಪಿದ್ದಲ್ಲ.

ಅವರ ಹೊಟ್ಟೆಯುರಿಗೆ ಕಾರಣವೂ ಇದೆ. ಸೌದಿ ಅಣ್ಣ ಹೊತ್ತದ್ದು ಕಬ್ಬಿಣದ ಕೊಳವೆ, ಅದು ನಿಂತಲ್ಲಿ ನಿಂತರೂ ಕೊಳೆಯುವುದಿಲ್ಲ. ಬಿತ್ತನೆ ಗಡ್ಡೆ ಹಾಗಲ್ಲ. ಜಲಂಧರದ ಶೀತಲ ಗೃಹದಿಂದ ಹೊರಬಂದದ್ದೇ ತಡ ಅದು ಬೆವರಲು ಶುರು. ಏಪ್ರಿಲ್ ಬಿಸಿಲಲ್ಲಿ, ಎಂ.ಪಿ. ಮುಗಿದು ಮಹಾರಾಷ್ಟ್ರ ಶುರುವಾಗುವ ಕಡೆಯ ಸೆಂಧವಾ ಗೇಟಿನ ಮುಂದೆ ಒಂದು ಹಗಲು ನಿಂತರೆ ಸಾಕು, ತಳದ ಚೀಲದಲ್ಲಿ ಒಂದೇ ಒಂದು ಗಡ್ಡೆ ಮೆತ್ತಗಾಗಿ ನೀರು ಬಿಟ್ಟು ಪಕ್ಕದ್ದಕ್ಕೆ ಅಂಟಿಸುತ್ತದೆ. ಗೌಡರು ಟಾರ್ಪಾಲಿನ ಅಂಚೆತ್ತಿ, ಚೀಲಗಳ ಸಂದಿಗೆ ಮೂಗಿಟ್ಟು ಪರೀಕ್ಷೆ ಮಾಡುತ್ತಿದ್ದರು. ಸಂಜೆ ಗಾಳಿ ಆಡಲೆಂದು ಟಾರ್ಪಾಲು ಬಿಚ್ಚುವುದು, ಮೋಡ ಕಂಡರೆ ಕಟ್ಟುವುದು, ಮತ್ತೆ ಬಿಚ್ಚುವುದು. ಮುಂಗಾರು ಬೀಳುವ ಹೊತ್ತಿಗೆ ಬೀಜ ಹಾಸನದಲ್ಲಿರಬೇಕು, ಇಲ್ಲವಾದರೆ ರೈತ ಲಾರಿಯವನನ್ನೇ ಬಯ್ಯುತ್ತಾನೆ. "ನನ್ನ ಗಡ್ಡೆ ಧೋಲ್‌ಪುರದಲ್ಲೇ ಕಣ್ಣು ಬಿಟ್ಟಿತು, ಎಂ.ಪಿ.ಯಲ್ಲಿ ಮೊಳಕೆ ತೋರಿಸಿತು" ಎನ್ನುವಾಗ ಮಗುವಿನ ಬಾಲಲೀಲೆ ಹೇಳುತ್ತಿದ್ದಾರೋ ದೂರು ಕೊಡುತ್ತಿದ್ದಾರೋ ತಿಳಿಯುವುದಿಲ್ಲ.

ನಾನೂ ಒಮ್ಮೆ ಮಗಳನ್ನು ನೋಡಲು ದುಬೈಗೆ ಹೋಗಿ ಬಂದವನು. ನಡುವಿನದೇನಾದರೂ ನೆನಪಿದೆಯೇ ಎಂದು ಇವರ ಮುಂದೆ ಕೂತು ಹುಡುಕಿದೆ. ಉಪ್ಪಿಟ್ಟಿನಂಥದೇನೋ ಕೊಟ್ಟರು, ಮೋಡವಿತ್ತು. ನಾಲ್ಕು ಗಂಟೆಯಲ್ಲಿ ಇಳಿದೆ.

2017ರ ಜೂನ್‌ನಲ್ಲಿ ಭಾರತ ಆ ಟಿ.ಐ.ಆರ್. ಒಪ್ಪಂದಕ್ಕೆ ಸೇರಿತು, 71ನೆಯ ಸದಸ್ಯ. ಮರು ತಿಂಗಳೇ ಜಿಎಸ್‌ಟಿ ಬಂದು ರಾಜ್ಯಗಳ ತೆರಿಗೆ ಗೇಟುಗಳು ಎತ್ತಲ್ಪಟ್ಟವು. ಇಬ್ಬರಿಗೂ ಒಟ್ಟಿಗೆ ಸಿಹಿ ಸುದ್ದಿ ಕೊಟ್ಟೆ ಎಂದುಕೊಂಡೆ. ಸೌದಿ ಅಣ್ಣ ಇಷ್ಟು ತಡವಾಗಿಯೋ ಎಂದರು. ಗೌಡರು ಗ್ಲಾಸಿನ ತಳ ನೋಡುತ್ತಾ, ಸೆಂಧವಾದಲ್ಲಿ ಒಬ್ಬ ಮುದುಕ ದಾಲ್ ಮಾಡುತ್ತಿದ್ದ, ಲಾರಿ ನಿಲ್ಲದಿದ್ದರೆ ಅವನ ಗತಿಯೇನು ಎಂದು ಕೇಳಿದರು.

ಈಗಿನ ಹುಡುಗರಿಗೆ ನಿಲ್ಲುವ ಯೋಗವಿಲ್ಲ. ಕ್ಯಾಬಿನ್‌ನಲ್ಲಿ ಜಿಪಿಎಸ್ ಇದೆ, ಲಾರಿ ಹತ್ತು ನಿಮಿಷ ಅಲುಗಾಡದಿದ್ದರೆ ಮಾಲೀಕರ ಫೋನು ಬರುತ್ತದೆ. ಟೀಯನ್ನೂ ಅರ್ಧ ಬಿಟ್ಟು ಓಡುತ್ತಾರೆ. ಅವರನ್ನು ನಿಲ್ಲಿಸಬಲ್ಲದ್ದು ಒಂದೇ, ಶಿರಾಡಿ ಘಾಟಿ. ಒಂದು ಜುಲೈನಲ್ಲಿ ಮಳೆ ಹಿಡಿದು, ಸಕಲೇಶಪುರದಾಚೆ ಗುಡ್ಡ ಜಾರಿ, ಮಂಗಳೂರಿನ ಲಾರಿಗಳೆಲ್ಲ ನಮ್ಮ ಅಂಗಡಿಯ ಮುಂದಿನವರೆಗೂ ಸಾಲುಗಟ್ಟಿದವು. ಅಂಗಡಿಯಲ್ಲಿ ಬನ್ನು ಮುಗಿಯಿತು, ಹಾಲು ಮುಗಿಯಿತು, ಮೊದಲ ದಿನ ಗದರಿದ ಮಾಲೀಕರ ಫೋನುಗಳೂ ಎರಡನೆಯ ದಿನ ಸುಮ್ಮನಾದವು. ಬಳ್ಳಾರಿ ಕಡೆಯ ಹುಡುಗನೊಬ್ಬ ಕ್ಯಾಬಿನ್‌ನಿಂದ ಇಳಿದು ಹಸಿವು ಮುಖದಲ್ಲಿ ಹೊತ್ತುಕೊಂಡು ನಿಂತಿದ್ದ.

ಸೌದಿ ಅಣ್ಣ ಮನೆಗೆ ಹೋಗಿ ಕೊಡೆಯ ಕೆಳಗೆ ರಾಗಿ ಹಿಟ್ಟಿನ ಡಬ್ಬವನ್ನೂ ಪಾತ್ರೆಯನ್ನೂ ಹಿಡಿದುಕೊಂಡು ಬಂದರು. ಹಿಂದಿನಿಂದ ಗೌಡರು, ಕೈಯಲ್ಲಿ ಸಾರಿನ ತಪ್ಪಲೆ. ಅಂಗಡಿಯವನು ಒಲೆ ಬಿಟ್ಟುಕೊಟ್ಟ. ನೀರು ಕುದಿಯಿತು, ಹಿಟ್ಟು ಬಿತ್ತು. ಅಣ್ಣ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಅಂಗಡಿಯ ಸಣ್ಣ ಸೌಟನ್ನು ಎತ್ತಿ ನೋಡಿ ಕೆಳಗಿಟ್ಟರು. ಆಮೇಲೆ ಹುಡುಗನ ಕಡೆ ತಿರುಗಿ ಕೇಳಿದರು:

"ಗಾಡಿಯಲ್ಲಿ ಸುತ್ತಿಗೆ ಇದೆಯೇನಪ್ಪಾ?"